ಚೆನ್ನೈ ಹಡಗಿನ ಆ ಬದಿಯ ದಡ: ರಷ್ಯಾದ ಪ್ರಿಮೋರ್ಸ್ಕಿ ಕ್ರಾಯ್ ಎಲ್ಲಿದೆ, ಯಾರ ಆಡಳಿತ, ಎಷ್ಟು ಜನ?

ಚೆನ್ನೈ: ಚೆನ್ನೈ ಬಂದರಿನಿಂದ ಹೊರಟ ಹಡಗು ಬಂಗಾಳ ಕೊಲ್ಲಿ ದಾಟಿ, ಮಲಕ್ಕಾ ಜಲಸಂಧಿ ಹಾದು, ದಕ್ಷಿಣ ಚೀನಾ ಸಮುದ್ರದಲ್ಲಿ ಉತ್ತರಕ್ಕೆ ತಿರುಗಿ, ಕೊರಿಯಾ ಮತ್ತು ಜಪಾನ್ ನಡುವೆ ಸಾಗಿದರೆ ಕೊನೆಗೆ ಸಿಗುವ ದಡ ರಷ್ಯಾದ್ದು. ಊರಿನ ಹೆಸರು ವ್ಲಾಡಿವೊಸ್ಟಾಕ್. ದೂರ ಸುಮಾರು 5,600 ನಾಟಿಕಲ್ ಮೈಲಿ, ಅಂದರೆ ಸುಮಾರು 10,300 ಕಿಲೋಮೀಟರ್.

ಚೆನ್ನೈ-ವ್ಲಾಡಿವೊಸ್ಟಾಕ್ ಕಡಲ ಮಾರ್ಗದ ಸುದ್ದಿ 2019ರಿಂದ ಆಗಾಗ ಬರುತ್ತಲೇ ಇದೆ. ಮಾರ್ಗದ ಈ ತುದಿ ನಮಗೆ ಗೊತ್ತು. ಆ ತುದಿಯಲ್ಲಿರುವ ನಾಡು ಎಂಥದ್ದು, ಅಲ್ಲಿ ಎಷ್ಟು ಜನರಿದ್ದಾರೆ, ಅವರನ್ನು ಆಳುವವರು ಯಾರು ಎಂಬುದು ಸುದ್ದಿಗಳಲ್ಲಿ ಬರುವುದು ಕಡಿಮೆ. ಈ ಮಾರ್ಗದಿಂದ ಏನು ಸಾಧ್ಯ, ಏನು ಕಷ್ಟ ಎಂಬುದಕ್ಕೆ ಅರ್ಧ ಉತ್ತರ ಇರುವುದೇ ಅಲ್ಲಿ.

ವ್ಲಾಡಿವೊಸ್ಟಾಕ್ ಇರುವ ಪ್ರಾಂತ್ಯದ ಹೆಸರು ಪ್ರಿಮೋರ್ಸ್ಕಿ ಕ್ರಾಯ್. ರಷ್ಯನ್ನರು ಮಾತಿನಲ್ಲಿ ಪ್ರಿಮೋರ್ಯೆ ಎನ್ನುತ್ತಾರೆ. ಕಡಲಿಗೆ ತಾಗಿದ ಸೀಮೆ ಎಂಬುದು ಅದರ ಅರ್ಥ. ನಮ್ಮ ಭಾಷೆಯಲ್ಲಿ ಸೀದಾ ಕರಾವಳಿ ಎಂದರೆ ಆಯಿತು.

ಎಲ್ಲಿದೆ ಈ ಕರಾವಳಿ?

ರಷ್ಯಾದ ಆಗ್ನೇಯ ತುದಿಯಲ್ಲಿ. ಪೂರ್ವಕ್ಕೆ ಜಪಾನ್ ಸಮುದ್ರ, ಉತ್ತರಕ್ಕೆ ರಷ್ಯಾದ್ದೇ ಆದ ಖಬರೊವ್ಸ್ಕ್ ಕ್ರಾಯ್, ಪಶ್ಚಿಮಕ್ಕೆ ಚೀನಾದ ಹೈಲೊಂಗ್‌ಜಿಯಾಂಗ್ ಮತ್ತು ಜಿಲಿನ್ ಪ್ರಾಂತ್ಯಗಳು. ನೈರುತ್ಯ ಮೂಲೆಯಲ್ಲಿ ತುಮೆನ್ ನದಿಯ ಆಚೆ ಉತ್ತರ ಕೊರಿಯಾ. ರಷ್ಯಾ ಮತ್ತು ಉತ್ತರ ಕೊರಿಯಾ ನಡುವೆ ಇರುವ ಗಡಿ ಇದೊಂದೇ, ಉದ್ದ ಇಪ್ಪತ್ತು ಕಿಲೋಮೀಟರ್ ಕೂಡ ಇಲ್ಲ.

ವ್ಲಾಡಿವೊಸ್ಟಾಕ್‌ನಿಂದ ಟೋಕಿಯೊ ಸುಮಾರು ಸಾವಿರ ಕಿಲೋಮೀಟರ್. ಸ್ವಂತ ರಾಜಧಾನಿ ಮಾಸ್ಕೋಗೆ ವಿಮಾನದಲ್ಲಿ ಹೋದರೂ ಆರು ಸಾವಿರ ಕಿಲೋಮೀಟರ್‌ಗಿಂತ ಹೆಚ್ಚು. ರೈಲಿನಲ್ಲಾದರೆ 9,288 ಕಿಲೋಮೀಟರ್. ಟ್ರಾನ್ಸ್ ಸೈಬೀರಿಯನ್ ರೈಲು ಮಾರ್ಗ ಮುಗಿಯುವುದು ವ್ಲಾಡಿವೊಸ್ಟಾಕ್ ನಿಲ್ದಾಣದಲ್ಲೇ. ಗಡಿಯಾರ ಮಾಸ್ಕೋಗಿಂತ ಏಳು ಗಂಟೆ ಮುಂದೆ, ಚೆನ್ನೈಗಿಂತ ನಾಲ್ಕೂವರೆ ಗಂಟೆ ಮುಂದೆ. ಸಮಯದ ಲೆಕ್ಕದಲ್ಲಿ ಮಾಸ್ಕೋಗಿಂತ ಚೆನ್ನೈಯೇ ಹತ್ತಿರ.

ವಿಸ್ತೀರ್ಣ ಸುಮಾರು 1.65 ಲಕ್ಷ ಚದರ ಕಿಲೋಮೀಟರ್. ಕರ್ನಾಟಕ 1.92 ಲಕ್ಷ ಚದರ ಕಿಲೋಮೀಟರ್ ಇದೆ. ಅಂದರೆ ನಮ್ಮ ರಾಜ್ಯಕ್ಕಿಂತ ಸ್ವಲ್ಪ ಚಿಕ್ಕದು. ರಷ್ಯಾದ ಒಟ್ಟು ನೆಲದಲ್ಲಿ ಇದು ಶೇ 1ರಷ್ಟು ಮಾತ್ರ.

ಈಗ ಜನಸಂಖ್ಯೆ ನೋಡಿ. ರಷ್ಯಾದ 2021ರ ಜನಗಣತಿ ಪ್ರಕಾರ ಪ್ರಿಮೋರ್ಯೆಯಲ್ಲಿ ಇದ್ದವರು 18.45 ಲಕ್ಷ. 2011ರ ಜನಗಣತಿಯಲ್ಲಿ ಕರ್ನಾಟಕದ ಜನಸಂಖ್ಯೆ 6.11 ಕೋಟಿ. ಹಳೆಯ ಚೆನ್ನೈ ಜಿಲ್ಲೆ, ಅಂದರೆ 2018ರಲ್ಲಿ ಗಡಿ ಹಿಗ್ಗಿಸುವ ಮುಂಚಿನ ಸುಮಾರು 175 ಚದರ ಕಿಲೋಮೀಟರ್‌ನಲ್ಲೇ 46 ಲಕ್ಷಕ್ಕೂ ಹೆಚ್ಚು ಜನ ಇದ್ದರು. ಚದರ ಕಿಲೋಮೀಟರಿಗೆ ಪ್ರಿಮೋರ್ಯೆಯಲ್ಲಿ 11 ಮಂದಿ, ಕರ್ನಾಟಕದಲ್ಲಿ 319, ಹಳೆಯ ಚೆನ್ನೈಯಲ್ಲಿ 26 ಸಾವಿರಕ್ಕೂ ಹೆಚ್ಚು.

ಘಟ್ಟ, ಮುಂಗಾರು, ಹುಲಿ

ಭೂಪಟದಲ್ಲಿ ಪ್ರಿಮೋರ್ಯೆಯನ್ನು ನೋಡಿದರೆ ಕನ್ನಡಿಗರಿಗೆ ಎಲ್ಲೋ ಕಂಡ ಹಾಗೆ ಅನಿಸಬಹುದು. ಕಡಲಿಗೆ ಸಮಾನಾಂತರವಾಗಿ ಉತ್ತರ ದಕ್ಷಿಣಕ್ಕೆ ಉದ್ದಕ್ಕೂ ಬೆಟ್ಟಸಾಲು, ಅದರ ಮೇಲೆ ದಟ್ಟ ಕಾಡು. ಇದು ಸಿಖೋಟೆ ಅಲಿನ್ ಪರ್ವತ ಶ್ರೇಣಿ. ನಮ್ಮ ಸಹ್ಯಾದ್ರಿಗೆ ಕಡಲು ಪಶ್ಚಿಮಕ್ಕಿದೆ, ಇಲ್ಲಿ ಪೂರ್ವಕ್ಕೆ. ಪ್ರಿಮೋರ್ಯೆಯೊಳಗಿನ ಅತಿ ಎತ್ತರದ ಶಿಖರ ಅನಿಕ್, ಸುಮಾರು 1,930 ಮೀಟರ್. ಹೆಚ್ಚುಕಡಿಮೆ ನಮ್ಮ ಮುಳ್ಳಯ್ಯನಗಿರಿಯಷ್ಟೇ.

ಬೆಟ್ಟದ ಪಶ್ಚಿಮಕ್ಕೆ ಬಯಲು. ಉಸ್ಸುರಿ ನದಿ ಇಲ್ಲಿ ಉತ್ತರಕ್ಕೆ ಹರಿದು ಚೀನಾ ಜತೆಗಿನ ಗಡಿಯಾಗುತ್ತದೆ, ಮುಂದೆ ಖಬರೊವ್ಸ್ಕ್ ಬಳಿ ಅಮೂರ್ ನದಿ ಸೇರುತ್ತದೆ. ಇದೇ ನದಿಯ ದಮಾನ್ಸ್ಕಿ ಎಂಬ ಪುಟ್ಟ ದ್ವೀಪಕ್ಕಾಗಿ 1969ರ ಮಾರ್ಚ್‌ನಲ್ಲಿ ಸೋವಿಯತ್ ಮತ್ತು ಚೀನಾ ಸೈನಿಕರು ಗುಂಡು ಹಾರಿಸಿಕೊಂಡಿದ್ದರು. 1991ರ ಗಡಿ ಒಪ್ಪಂದದ ಬಳಿಕ ದ್ವೀಪ ಚೀನಾ ಪಾಲಾಯಿತು. ಬಯಲಿನ ನಡುವೆ ಖಾಂಕಾ ಸರೋವರ, ಸುಮಾರು 4,000 ಚದರ ಕಿಲೋಮೀಟರ್. ಇದನ್ನೂ ಎರಡು ದೇಶಗಳು ಹಂಚಿಕೊಂಡಿವೆ. ಸರೋವರದ ಸುತ್ತ ಸೋಯಾ ಬೆಳೆಯುತ್ತಾರೆ, ಭತ್ತವನ್ನೂ ಬೆಳೆಯುತ್ತಾರೆ. ಬೇಸಿಗೆಯಲ್ಲಿ ಇಲ್ಲಿನ ಕೆರೆಗಳಲ್ಲಿ ತಾವರೆ ಅರಳುತ್ತದೆ ಎಂದರೆ ರಷ್ಯಾ ಎಂದಾಗ ಬರೀ ಹಿಮ ನೆನೆಯುವವರಿಗೆ ನಂಬುವುದು ಕಷ್ಟ.

ಹವಾಮಾನ ಮುಂಗಾರಿನದ್ದೇ. ಬೇಸಿಗೆಯಲ್ಲಿ ಕಡಲ ಕಡೆಯಿಂದ ತೇವದ ಗಾಳಿ ಬೀಸಿ ಮಂಜು, ಮಳೆ ತರುತ್ತದೆ. ಚಳಿಗಾಲದಲ್ಲಿ ಗಾಳಿ ತಿರುಗಿ ಸೈಬೀರಿಯಾದಿಂದ ಒಣ ಚಳಿ ಬರುತ್ತದೆ. ವ್ಲಾಡಿವೊಸ್ಟಾಕ್ ಇರುವುದು ಫ್ರಾನ್ಸ್‌ನ ಮಾರ್ಸೇಲ್ ನಗರದ ಅಕ್ಷಾಂಶದಲ್ಲೇ. ಆದರೂ ಜನವರಿಯ ಸರಾಸರಿ ಉಷ್ಣಾಂಶ ಮೈನಸ್ 12 ಡಿಗ್ರಿ. ಊರಿನ ಪಕ್ಕದ ಅಮೂರ್ ಕೊಲ್ಲಿ ಹೆಪ್ಪುಗಟ್ಟಿದಾಗ ಜನ ಅದರ ಮೇಲೆ ನಡೆದುಹೋಗಿ, ತೂತು ಕೊರೆದು, ಮೀನಿಗೆ ಗಾಳ ಹಾಕಿ ಕೂರುತ್ತಾರೆ. ಬಂದರಿನ ದಾರಿ ತೆರೆದಿಡಲು ಐಸ್‌ಬ್ರೇಕರ್ ಹಡಗುಗಳು ಬೇಕು.

ಪ್ರಿಮೋರ್ಯೆಯ ಲಾಂಛನದಲ್ಲಿ ಇರುವುದು ಹುಲಿ. ಅಮೂರ್ ಹುಲಿ ಎಂದು ಕರೆಯುವ, ಮೈತುಂಬ ಉದ್ದ ಕೂದಲಿನ ಈ ಹುಲಿಗಳ ಮುಖ್ಯ ನೆಲೆ ಸಿಖೋಟೆ ಅಲಿನ್ ಕಾಡು. 2015ರ ಗಣತಿಯಲ್ಲಿ ರಷ್ಯಾದ ದೂರಪ್ರಾಚ್ಯದಲ್ಲಿ ಸಿಕ್ಕ ಲೆಕ್ಕ 520ರಿಂದ 540. ಆಮೇಲೆ ಸಂಖ್ಯೆ ಏರಿದೆ ಎಂದು ರಷ್ಯಾ ಹೇಳುತ್ತದೆ. ಕರ್ನಾಟಕದಲ್ಲಿ 2022ರ ಅಂದಾಜಿನಲ್ಲಿ 563 ಹುಲಿಗಳಿದ್ದವು. ಸಿಖೋಟೆ ಅಲಿನ್‌ನ ಮಧ್ಯಭಾಗ 2001ರಲ್ಲಿ ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿ ಸೇರಿತು, 2018ರಲ್ಲಿ ಬಿಕಿನ್ ನದಿ ಕಣಿವೆಯನ್ನೂ ಸೇರಿಸಲಾಯಿತು. ನೈರುತ್ಯ ಮೂಲೆಯಲ್ಲಿ ಅಮೂರ್ ಚಿರತೆಗಾಗಿಯೇ 2012ರಲ್ಲಿ ಒಂದು ರಾಷ್ಟ್ರೀಯ ಉದ್ಯಾನ ಮಾಡಲಾಗಿದೆ.

ಆಡಳಿತ: ಅಲ್ಲಿ ಗವರ್ನರ್ ಎಂದರೆ ನಮ್ಮ ರಾಜ್ಯಪಾಲರಲ್ಲ

ರಷ್ಯಾ ಒಕ್ಕೂಟದ ಘಟಕಗಳಿಗೆ ಬೇರೆ ಬೇರೆ ಹೆಸರುಗಳಿವೆ. ಕೆಲವು ಗಣರಾಜ್ಯ, ಹೆಚ್ಚಿನವು ಒಬ್ಲಾಸ್ಟ್, 9 ಕ್ರಾಯ್. ಕ್ರಾಯ್ ಎಂದರೆ ಅಂಚು, ಸೀಮೆ. ಒಂದು ಕಾಲಕ್ಕೆ ಗಡಿಯಂಚಿನ ಪ್ರಾಂತ್ಯಗಳಿಗೆ ಇಟ್ಟ ಹೆಸರು. ಈಗ ಒಬ್ಲಾಸ್ಟ್‌ಗೂ ಕ್ರಾಯ್‌ಗೂ ಅಧಿಕಾರದಲ್ಲಿ ವ್ಯತ್ಯಾಸವಿಲ್ಲ. ಹಳೆಯ ದೂರಪ್ರಾಚ್ಯ ಕ್ರಾಯ್ ಅನ್ನು ಎರಡಾಗಿ ಒಡೆದು 1938ರ ಅಕ್ಟೋಬರ್ 20ರಂದು ಪ್ರಿಮೋರ್ಸ್ಕಿ ಮತ್ತು ಖಬರೊವ್ಸ್ಕ್ ಕ್ರಾಯ್‌ಗಳನ್ನು ಮಾಡಲಾಯಿತು.

ಕ್ರಾಯ್‌ನ ಮುಖ್ಯಸ್ಥರು ಗವರ್ನರ್. ನಮ್ಮಲ್ಲಿ ರಾಜ್ಯಪಾಲರನ್ನು ಕೇಂದ್ರ ಕಳಿಸುತ್ತದೆ, ಆಡಳಿತ ನಡೆಸುವವರು ಮುಖ್ಯಮಂತ್ರಿ. ಅಲ್ಲಿ ಗವರ್ನರ್ ಜನರ ಮತದಿಂದ ಬರುತ್ತಾರೆ, ಆಡಳಿತವನ್ನೂ ಅವರೇ ನಡೆಸುತ್ತಾರೆ. ಕ್ರಾಯ್‌ಗೆ ತನ್ನದೇ ಶಾಸನಸಭೆ ಇದೆ. ಕಾಗದದ ಮೇಲೆ ಹೀಗೆ. ಆದರೆ ಅವಧಿಯ ನಡುವೆ ಗವರ್ನರ್ ಹುದ್ದೆ ಖಾಲಿಯಾದರೆ ಹಂಗಾಮಿ ಗವರ್ನರ್ ಯಾರೆಂದು ತೀರ್ಮಾನಿಸುವುದು ರಷ್ಯಾ ಅಧ್ಯಕ್ಷರು. ಹಾಗೆ ಬಂದವರೇ ಮುಂದಿನ ಚುನಾವಣೆ ಗೆಲ್ಲುವುದು ವಾಡಿಕೆ.

2018ರಲ್ಲಿ ಪ್ರಿಮೋರ್ಯೆಯ ಮತದಾರರು ಈ ವಾಡಿಕೆಯನ್ನು ಬಹುತೇಕ ಮುರಿದಿದ್ದರು. ಸೆಪ್ಟೆಂಬರ್ 16ರ ಎರಡನೇ ಸುತ್ತಿನಲ್ಲಿ ಹಂಗಾಮಿ ಗವರ್ನರ್ ಆಂಡ್ರೆ ತರಾಸೆಂಕೊ ವಿರುದ್ಧ ಕಮ್ಯುನಿಸ್ಟ್ ಪಕ್ಷದ ಆಂಡ್ರೆ ಇಶ್ಚೆಂಕೊ ಇದ್ದರು. ಮತ ಎಣಿಕೆ ಬಹುತೇಕ ಮುಗಿಯುವವರೆಗೆ ಮುಂದಿದ್ದವರು ಇಶ್ಚೆಂಕೊ. ಕೊನೆಯ ಘಳಿಗೆಯಲ್ಲಿ ತರಾಸೆಂಕೊ ಮುಂದೆ ಬಂದರು. ವ್ಲಾಡಿವೊಸ್ಟಾಕ್ ಚೌಕದಲ್ಲಿ ಜನ ಸೇರಿದರು. ಅಕ್ರಮ ನಡೆದಿದೆ ಎಂದು ಇಡೀ ಫಲಿತಾಂಶವನ್ನೇ ರದ್ದು ಮಾಡಲಾಯಿತು. ಪಕ್ಕದ ಸಖಾಲಿನ್‌ನ ಗವರ್ನರ್ ಆಗಿದ್ದ ಒಲೆಗ್ ಕೊಝೆಮ್ಯಾಕೊ ಅವರನ್ನು ಕರೆತಂದು ಹಂಗಾಮಿ ಹುದ್ದೆಯಲ್ಲಿ ಕೂರಿಸಲಾಯಿತು. ಡಿಸೆಂಬರ್ 16ರ ಮರುಚುನಾವಣೆಯಲ್ಲಿ ಇಶ್ಚೆಂಕೊ ಅವರಿಗೆ ಸ್ಪರ್ಧಿಸಲು ಅವಕಾಶ ಸಿಗಲಿಲ್ಲ. ಕೊಝೆಮ್ಯಾಕೊ ಗೆದ್ದರು, 2023ರಲ್ಲಿ ಮತ್ತೆ ಗೆದ್ದರು.

ಮರುಚುನಾವಣೆಗೆ ಮೂರು ದಿನ ಮುಂಚೆ, ಡಿಸೆಂಬರ್ 13ರಂದು, ಅಧ್ಯಕ್ಷ ವ್ಲಾದಿಮಿರ್ ಪುಟಿನ್ ದೂರಪ್ರಾಚ್ಯ ಫೆಡರಲ್ ಜಿಲ್ಲೆಯ ಕೇಂದ್ರವನ್ನು ಖಬರೊವ್ಸ್ಕ್‌ನಿಂದ ವ್ಲಾಡಿವೊಸ್ಟಾಕ್‌ಗೆ ಬದಲಿಸಿದರು. ಫೆಡರಲ್ ಜಿಲ್ಲೆ ಎಂದರೆ ನಮ್ಮ ಜಿಲ್ಲೆಯಂತಲ್ಲ. ರಷ್ಯಾವನ್ನು ಇಂಥ 8 ದೊಡ್ಡ ತುಂಡುಗಳಾಗಿ ಹಂಚಿ, ಪ್ರತಿಯೊಂದಕ್ಕೂ ಅಧ್ಯಕ್ಷರ ಪ್ರತಿನಿಧಿಯನ್ನು ನೇಮಿಸಲಾಗುತ್ತದೆ. ದೂರಪ್ರಾಚ್ಯ ಜಿಲ್ಲೆಯಲ್ಲಿ 11 ಪ್ರಾಂತ್ಯಗಳಿವೆ. ದೇಶದ ಶೇ 40ರಷ್ಟು ನೆಲ ಇದರದ್ದು, ಜನ ಮಾತ್ರ ಸುಮಾರು 80 ಲಕ್ಷ.

ಜನ ಬಂದದ್ದು ಹೇಗೆ?

ಈ ನೆಲ ರಷ್ಯಾದ ಕೈಸೇರಿ ಇನ್ನೂ ಇನ್ನೂರು ವರ್ಷ ಆಗಿಲ್ಲ. ಚೀನಾದ ಚಿಂಗ್ ಸಾಮ್ರಾಜ್ಯ ದುರ್ಬಲವಾಗಿದ್ದಾಗ 1858ರ ಐಗುನ್ ಮತ್ತು 1860ರ ಪೀಕಿಂಗ್ ಒಪ್ಪಂದಗಳಿಂದ ಅದು ರಷ್ಯಾಕ್ಕೆ ಸಿಕ್ಕಿತು. ಅದೇ 1860ರ ಬೇಸಿಗೆಯಲ್ಲಿ ಸೈನಿಕ ಠಾಣೆಯಾಗಿ ವ್ಲಾಡಿವೊಸ್ಟಾಕ್ ಶುರುವಾಯಿತು. ಹೆಸರಿನ ಅರ್ಥ ಪೂರ್ವವನ್ನು ಆಳು ಎಂದು. ಊರು ಬೆಳೆದ ಕೊಲ್ಲಿಗೆ ಇಸ್ತಾಂಬುಲ್ ನೆನಪಲ್ಲಿ ಗೋಲ್ಡನ್ ಹಾರ್ನ್ ಎಂದೂ, ಪಕ್ಕದ ಜಲಸಂಧಿಗೆ ಪೂರ್ವದ ಬಾಸ್ಫರಸ್ ಎಂದೂ ಹೆಸರಿಟ್ಟರು. ಆಸೆಗೇನೂ ಕಡಿಮೆ ಇರಲಿಲ್ಲ, ಇಲ್ಲದ್ದು ಜನ.

ರೈಲು ಇನ್ನೂ ಬಂದಿರದ ಆ ಕಾಲದಲ್ಲಿ ರೈತರನ್ನು ಹಡಗಿನಲ್ಲಿ ತಂದರು. 1883ರಿಂದ ಕಪ್ಪು ಸಮುದ್ರದ ಒಡೆಸ್ಸಾದಲ್ಲಿ ಹೊರಟ ಹಡಗುಗಳು ಸೂಯೆಜ್ ಕಾಲುವೆ ದಾಟಿ, ಹಿಂದೂ ಮಹಾಸಾಗರ ಹಾದು ವ್ಲಾಡಿವೊಸ್ಟಾಕ್ ಸೇರುತ್ತಿದ್ದವು. ಹಾಗೆ ಬಂದವರಲ್ಲಿ ಉಕ್ರೇನ್ ರೈತರೇ ಹೆಚ್ಚು. ಚೀನಾದವರು ಮೊದಲೇ ಇದ್ದರು, ಕೊರಿಯಾದವರು 1860ರ ದಶಕದಿಂದಲೇ ಗಡಿ ದಾಟಿ ಬಂದು ಉಳುಮೆ ಮಾಡುತ್ತಿದ್ದರು.

ಇವರಿಗೂ ಮುಂಚೆ ಕಾಡಿನಲ್ಲಿ ಇದ್ದವರು ಉಡೆಗೆ, ನಾನಾಯ್ ಮುಂತಾದ ಬುಡಕಟ್ಟುಗಳು. ಉಡೆಗೆ ಜನ 2010ರ ಜನಗಣತಿಯಲ್ಲಿ ಇಡೀ ರಷ್ಯಾದಲ್ಲಿ ಸುಮಾರು 1,500 ಮಂದಿ ಇದ್ದರು. ಇಲ್ಲಿನ ಕಾಡು ಸುತ್ತಿದ ವ್ಲಾದಿಮಿರ್ ಅರ್ಸೆನ್ಯೆವ್ ತಮಗೆ ದಾರಿ ತೋರಿದ ನಾನಾಯ್ ಬೇಟೆಗಾರನ ಬಗ್ಗೆ ಬರೆದ ಪುಸ್ತಕ ಡೆರ್ಸು ಉಜಾಲಾ. ಅಕಿರಾ ಕುರೊಸಾವಾ ಅದನ್ನು 1975ರಲ್ಲಿ ಸಿನಿಮಾ ಮಾಡಿದರು. ಸಿನಿಮಾಸಕ್ತರು ಪ್ರಿಮೋರ್ಯೆಯ ಹೆಸರು ಕೇಳಿರದಿದ್ದರೂ ಅದರ ಕಾಡನ್ನು ತೆರೆಯ ಮೇಲೆ ನೋಡಿರಬಹುದು.

ಸ್ಟಾಲಿನ್ ಕಾಲದಲ್ಲಿ ಜನಸಂಖ್ಯೆಯ ಚಿತ್ರ ಬಲವಂತವಾಗಿ ಬದಲಾಯಿತು. ಜಪಾನ್ ಪರ ಬೇಹುಗಾರಿಕೆ ನಡೆಸಬಹುದು ಎಂಬ ಶಂಕೆ ಮುಂದಿಟ್ಟು 1937ರಲ್ಲಿ ದೂರಪ್ರಾಚ್ಯದ ಸುಮಾರು 1.7 ಲಕ್ಷ ಕೊರಿಯನ್ನರನ್ನು ರೈಲಿಗೆ ತುಂಬಿ ಕಝಾಕ್‌ಸ್ತಾನ ಮತ್ತು ಉಜ್ಬೇಕಿಸ್ತಾನಕ್ಕೆ ಸಾಗಿಸಲಾಯಿತು. ಚೀನಾದವರನ್ನೂ ಹೊರಹಾಕಲಾಯಿತು. ವ್ಲಾಡಿವೊಸ್ಟಾಕ್ ಬಳಿಯ ತಾತ್ಕಾಲಿಕ ಶಿಬಿರಗಳಿಂದ ಕೈದಿಗಳನ್ನು ಉತ್ತರದ ಗುಲಾಗ್‌ಗಳಿಗೆ ಕಳಿಸುತ್ತಿದ್ದರು. ಕವಿ ಒಸಿಪ್ ಮಂಡೆಲ್‌ಸ್ಟಾಮ್ 1938ರ ಡಿಸೆಂಬರ್‌ನಲ್ಲಿ ತೀರಿಕೊಂಡದ್ದು ಅಂಥದ್ದೊಂದು ಶಿಬಿರದಲ್ಲಿ.

2010ರ ಜನಗಣತಿಯಲ್ಲಿ ಜನಾಂಗ ನಮೂದಿಸಿದವರ ಪೈಕಿ ಹತ್ತರಲ್ಲಿ ಒಂಬತ್ತಕ್ಕಿಂತ ಹೆಚ್ಚು ಮಂದಿ ರಷ್ಯನ್ನರು. ನಂತರ ಉಕ್ರೇನ್ ಮೂಲದವರು, ಕೊರಿಯಾ ಮೂಲದವರು. ಪ್ರಾಂತ್ಯದ ಮೂವರಲ್ಲಿ ಒಬ್ಬರು ವ್ಲಾಡಿವೊಸ್ಟಾಕ್ ನಗರದಲ್ಲೇ ಇದ್ದಾರೆ, ಅಂದರೆ ಸುಮಾರು 6 ಲಕ್ಷ. ಉಸ್ಸುರಿಸ್ಕ್, ನಖೋದ್ಕಾ, ಆರ್ತ್ಯೋಮ್ ನಂತರದ ದೊಡ್ಡ ಊರುಗಳು. ಒಂದೊಂದರಲ್ಲೂ ಒಂದರಿಂದ ಎರಡು ಲಕ್ಷದೊಳಗೆ ಜನ. ಉಳಿದಂತೆ ಮೈಲುಗಟ್ಟಲೆ ಕಾಡು.

ಹೋದದ್ದು ಯಾಕೆ?

ಸೋವಿಯತ್ ಒಕ್ಕೂಟದ ಕೊನೆಯ ಜನಗಣತಿ 1989ರದ್ದು. ಆಗ ಪ್ರಿಮೋರ್ಯೆಯಲ್ಲಿ 22.58 ಲಕ್ಷ ಜನ. 2002ರಲ್ಲಿ 20.71 ಲಕ್ಷ, 2010ರಲ್ಲಿ 19.56 ಲಕ್ಷ, 2021ರಲ್ಲಿ 18.45 ಲಕ್ಷ. ಮೂರು ದಶಕದಲ್ಲಿ 4 ಲಕ್ಷಕ್ಕೂ ಹೆಚ್ಚು ಕುಸಿತ, ಶೇಕಡಾ ಲೆಕ್ಕದಲ್ಲಿ 18. ಕರ್ನಾಟಕ 1991ರಿಂದ 2011ರೊಳಗೆ ನಾಲ್ಕೂವರೆ ಕೋಟಿಯಿಂದ ಆರು ಕೋಟಿ ದಾಟಿತ್ತು.

ಸೋವಿಯತ್ ಕಾಲದಲ್ಲಿ ದೂರಪ್ರಾಚ್ಯಕ್ಕೆ ಹೋಗುವವರಿಗೆ ಹೆಚ್ಚುವರಿ ಸಂಬಳ ಇತ್ತು, ಸೇನೆ ಮತ್ತು ನೌಕಾಪಡೆಯ ಕೆಲಸ ಇತ್ತು, ಮಾಸ್ಕೋಗೆ ಅಗ್ಗದ ವಿಮಾನ ಟಿಕೆಟ್ ಇತ್ತು. 1991ರ ಬಳಿಕ ಆ ಬೆಂಬಲ ಕಳಚಿತು. ಕಾರ್ಖಾನೆಗಳು ಸೊರಗಿದವು. ದುಡಿಯುವ ವಯಸ್ಸಿನವರು ಪಶ್ಚಿಮದ ನಗರಗಳಿಗೆ ಹೊರಟರು, ಹುಟ್ಟುವವರಿಗಿಂತ ಸಾಯುವವರು ಹೆಚ್ಚಾದರು. ಗಡಿಯಾಚೆಯ ಚೀನಾದ ಎರಡು ಪ್ರಾಂತ್ಯಗಳಲ್ಲಿ 2020ರ ಗಣತಿಯಂತೆ ಸುಮಾರು 5.6 ಕೋಟಿ ಜನ. ಅಲ್ಲೂ ಸಂಖ್ಯೆ ಇಳಿಯುತ್ತಿದೆ, ಆದರೂ ಎರಡು ಬದಿಯ ಅಂತರ ಮಾಸ್ಕೋಗೆ ಯಾವತ್ತೂ ಒಳಗೊಳಗೆ ಚಿಂತೆಯೇ.

ಹಾಗಾಗಿ ದೂರಪ್ರಾಚ್ಯ ಅಭಿವೃದ್ಧಿಗೆಂದೇ 2012ರಲ್ಲಿ ಒಂದು ಸಚಿವಾಲಯ ಬಂತು. ಅದೇ ವರ್ಷ ಎಪೆಕ್ ಶೃಂಗಸಭೆಗಾಗಿ ರಷ್ಕಿ ದ್ವೀಪಕ್ಕೆ 1,104 ಮೀಟರ್ ಅಂತರದ ಮುಖ್ಯ ಹರವುಳ್ಳ ತೂಗು ಕೇಬಲ್ ಸೇತುವೆ ಕಟ್ಟಿದರು. ಆಗ ಅದು ಆ ಬಗೆಯ ಸೇತುವೆಗಳಲ್ಲೇ ಅತಿ ಉದ್ದದ ಹರವು. 2,000 ರೂಬಲ್ ನೋಟಿನ ಮೇಲೆ ಇರುವುದು ಇದೇ ಸೇತುವೆ. ದೂರಪ್ರಾಚ್ಯ ಫೆಡರಲ್ ವಿಶ್ವವಿದ್ಯಾಲಯದ ಕ್ಯಾಂಪಸ್ ಇರುವುದೂ ದ್ವೀಪದಲ್ಲೇ. 2015ರಲ್ಲಿ ತೆರಿಗೆ ರಿಯಾಯಿತಿಯ ಮುಕ್ತ ಬಂದರು ಕಾನೂನು ಬಂತು. 2016ರಲ್ಲಿ ಶುರುವಾದ ಯೋಜನೆಯಲ್ಲಿ ದೂರಪ್ರಾಚ್ಯದಲ್ಲಿ ಒಬ್ಬರಿಗೆ ಒಂದು ಹೆಕ್ಟೇರ್, ಅಂದರೆ ಸುಮಾರು ಎರಡೂವರೆ ಎಕರೆ ನೆಲ ಉಚಿತ. ಐದು ವರ್ಷ ಬಳಸಿದರೆ ಸ್ವಂತ. ಅರ್ಜಿ ಹಾಕಿದವರು ಇದ್ದಾರೆ. ಜನಗಣತಿಯ ಅಂಕಿ ಮಾತ್ರ ಮೇಲೇಳಲಿಲ್ಲ.

ಚೆನ್ನೈಗೂ ಇಲ್ಲಿಗೂ ಏನು ನಂಟು?

ರಷ್ಯಾದ ಪೆಸಿಫಿಕ್ ನೌಕಾಪಡೆಯ ಮುಖ್ಯ ನೆಲೆ ವ್ಲಾಡಿವೊಸ್ಟಾಕ್. ಆ ಕಾರಣಕ್ಕೆ 1950ರ ದಶಕದಿಂದ 1991ರ ಕೊನೆವರೆಗೆ ವಿದೇಶಿಯರಿಗೆ ಈ ಊರು ನಿಷಿದ್ಧವಾಗಿತ್ತು. ಊರು ತೆರೆದ ಬಳಿಕ ಇಲ್ಲಿ ಮೊದಲು ಕಾನ್ಸುಲೇಟ್ ತೆರೆದ ದೇಶ ಭಾರತ ಎಂದು ಪ್ರಧಾನಿ ನರೇಂದ್ರ ಮೋದಿ 2019ರ ಸೆಪ್ಟೆಂಬರ್‌ನಲ್ಲಿ ವ್ಲಾಡಿವೊಸ್ಟಾಕ್‌ನ ಪೂರ್ವ ಆರ್ಥಿಕ ವೇದಿಕೆಯಲ್ಲಿ ನೆನಪಿಸಿದ್ದರು. ದೂರಪ್ರಾಚ್ಯದ ಅಭಿವೃದ್ಧಿಗೆ 100 ಕೋಟಿ ಡಾಲರ್ ಸಾಲ ನೆರವನ್ನೂ ಅಲ್ಲೇ ಘೋಷಿಸಿದರು. ಚೆನ್ನೈ-ವ್ಲಾಡಿವೊಸ್ಟಾಕ್ ಮಾರ್ಗದ ಆಶಯಪತ್ರಕ್ಕೆ ಸಹಿ ಬಿದ್ದದ್ದೂ ಆ ಭೇಟಿಯಲ್ಲೇ.

ಹಳೆಯದೊಂದು ನಂಟೂ ಇದೆ. 1914ರ ಸೆಪ್ಟೆಂಬರ್ 22ರ ರಾತ್ರಿ ಮದರಾಸಿಗೆ ಗುಂಡು ಹಾರಿಸಿದ ಜರ್ಮನ್ ಯುದ್ಧನೌಕೆ ಎಮ್ಡೆನ್, ಮುಂದಿನ ತಿಂಗಳು ಪೆನಾಂಗ್ ಬಂದರಿನಲ್ಲಿ ಮುಳುಗಿಸಿದ ರಷ್ಯನ್ ನೌಕೆ ಝೆಮ್‌ಚುಗ್ ವ್ಲಾಡಿವೊಸ್ಟಾಕ್‌ನಿಂದ ಬಂದದ್ದು.

ಮಾರ್ಗದ ಲೆಕ್ಕ ಸರಳ. ಮುಂಬೈಯಿಂದ ಸೂಯೆಜ್ ಮೂಲಕ ಸೇಂಟ್ ಪೀಟರ್ಸ್‌ಬರ್ಗ್‌ಗೆ 8,675 ನಾಟಿಕಲ್ ಮೈಲಿ. ಚೆನ್ನೈ-ವ್ಲಾಡಿವೊಸ್ಟಾಕ್ ಅದಕ್ಕಿಂತ 3,000 ಮೈಲಿ ಕಡಿಮೆ. ರಷ್ಯಾದ ದೂರಪ್ರಾಚ್ಯಕ್ಕೆ ಸರಕು ಸಾಗಿಸುವ ಅವಧಿ 40 ದಿನದಿಂದ 24ಕ್ಕೆ ಇಳಿಯುತ್ತದೆ ಎಂಬುದು ಕೇಂದ್ರ ಸರ್ಕಾರದ ಅಂದಾಜು. ಉಕ್ರೇನ್ ಯುದ್ಧದ ಬಳಿಕ ರಷ್ಯಾದ ಯುರೋಪ್ ಕಡೆಯ ಬಾಗಿಲುಗಳು ಕಿರಿದಾದಾಗ ಈ ದಾರಿಯ ಬೆಲೆ ಏರಿತು. 2024ರ ಜನವರಿಯಲ್ಲಿ ಚೆನ್ನೈಯಲ್ಲಿ ಎರಡೂ ದೇಶಗಳ ಅಧಿಕಾರಿಗಳು, ಉದ್ಯಮಿಗಳು ಸೇರಿ ಕಾರ್ಯಾಗಾರ ನಡೆಸಿದರು. ಅದೇ ವರ್ಷದ ಕೊನೆಗೆ ಮಾರ್ಗದಲ್ಲಿ ಸಂಚಾರ ಶುರುವಾಗಿದೆ ಎಂದು ಕೇಂದ್ರ ಬಂದರು ಸಚಿವ ಸರ್ಬಾನಂದ ಸೊನೊವಾಲ್ ಹೇಳಿದರು.

ಆ ಕಡೆಯಿಂದ ಬರುವುದು ಮುಖ್ಯವಾಗಿ ಕಲ್ಲಿದ್ದಲು, ಕಚ್ಚಾ ತೈಲ. ನಖೋದ್ಕಾ ಪಕ್ಕದ ವೊಸ್ತೋಚ್ನಿ ದೊಡ್ಡ ಕಲ್ಲಿದ್ದಲು ಬಂದರು. ಸೈಬೀರಿಯಾದ ತೈಲ ಕೊಳವೆ ಬಂದು ಮುಗಿಯುವುದು ಅಲ್ಲೇ ಹತ್ತಿರದ ಕೊಝ್ಮಿನೊದಲ್ಲಿ. ಇವೆಲ್ಲ ಪ್ರಿಮೋರ್ಯೆಯದ್ದೇ ಬಂದರುಗಳು. ಸರಕು ಮಾತ್ರ ಹೆಚ್ಚಾಗಿ ಒಳನಾಡಿನದ್ದು.

ತೊಡಕು ಇರುವುದು ಇಲ್ಲಿಂದ ಹೋಗುವ ಹಡಗಿನಲ್ಲಿ. 2024-25ರಲ್ಲಿ ಭಾರತ-ರಷ್ಯಾ ವ್ಯಾಪಾರ ಸುಮಾರು 6,870 ಕೋಟಿ ಡಾಲರ್. ಅದರಲ್ಲಿ ಭಾರತ ಮಾರಿದ್ದು 500 ಕೋಟಿ ಡಾಲರ್‌ಗಿಂತ ಕಡಿಮೆ. ಇತ್ತ ಭರ್ತಿ ಬಂದು ಅತ್ತ ಅರ್ಧ ಖಾಲಿ ಹೋಗುವ ಹಡಗಿನ ಬಾಡಿಗೆ ಯಾರಿಗೂ ಗಿಟ್ಟುವುದಿಲ್ಲ. ಚೆನ್ನೈಯ ಬಿಡಿಭಾಗ, ತಿರುಪ್ಪೂರಿನ ಬಟ್ಟೆ, ಕರ್ನಾಟಕದ ಕಾಫಿ ವ್ಲಾಡಿವೊಸ್ಟಾಕ್‌ನಲ್ಲಿ ಇಳಿದರೂ ಕೊಳ್ಳಲು ಅಲ್ಲಿರುವುದು ಹದಿನೆಂಟು ಲಕ್ಷ ಜನ. ದೊಡ್ಡ ಮಾರುಕಟ್ಟೆ ಮಾಸ್ಕೋ ಕಡೆ, ಇನ್ನೂ 9,288 ಕಿಲೋಮೀಟರ್ ರೈಲಿನಲ್ಲಿ. ಆ ಹಳಿಗಳ ಮೇಲೆ ಚೀನಾ ಸರಕಿನ ಒತ್ತಡ ಈಗಾಗಲೇ ಸಾಕಷ್ಟಿದೆ. ಹೀಗಾಗಿ ವ್ಲಾಡಿವೊಸ್ಟಾಕ್ ಅನ್ನು ಮಾರುಕಟ್ಟೆ ಎನ್ನುವುದಕ್ಕಿಂತ ಬಾಗಿಲು ಎನ್ನುವುದೇ ಸರಿ.

ಸರಕಿಗಿಂತ ಹೆಚ್ಚಾಗಿ ಪ್ರಿಮೋರ್ಯೆಗೆ ಬೇಕಿರುವುದು ಕೈಗಳು. ಹಡಗುಕಟ್ಟೆ, ಕಟ್ಟಡ, ಮೀನು ಸಂಸ್ಕರಣೆ ಎಲ್ಲಕ್ಕೂ ಹೊರಗಿನ ಕಾರ್ಮಿಕರೇ ಗತಿ. ಭಾರತದ ಕುಶಲ ಕೆಲಸಗಾರರು ದೂರಪ್ರಾಚ್ಯದಲ್ಲಿ ದುಡಿಯಬಲ್ಲರು ಎಂದು ಮೋದಿ 2021ರ ಆರ್ಥಿಕ ವೇದಿಕೆಯಲ್ಲಿ ವಿಡಿಯೊ ಮೂಲಕ ಹೇಳಿದ್ದರು. ಪುಟಿನ್ 2025ರ ಡಿಸೆಂಬರ್‌ನಲ್ಲಿ ದೆಹಲಿಗೆ ಬಂದಾಗ ಒಂದು ದೇಶದವರು ಇನ್ನೊಂದು ದೇಶದಲ್ಲಿ ತಾತ್ಕಾಲಿಕವಾಗಿ ಕೆಲಸ ಮಾಡುವ ಕುರಿತ ಒಪ್ಪಂದಕ್ಕೆ ಸಹಿಯಾಯಿತು.

ಹಾಗೆ ಹೋದವರಿಗೆ ವ್ಲಾಡಿವೊಸ್ಟಾಕ್ ರಸ್ತೆಯಲ್ಲಿ ಒಂದು ಸಂಗತಿ ಪರಿಚಿತ ಎನಿಸೀತು. ರಷ್ಯಾದಲ್ಲಿ ವಾಹನಗಳು ಓಡುವುದು ರಸ್ತೆಯ ಬಲಕ್ಕೆ. ಆದರೆ ಜಪಾನಿನಿಂದ ಹಡಗಿನಲ್ಲಿ ತರಿಸಿದ ಸೆಕೆಂಡ್ ಹ್ಯಾಂಡ್ ಕಾರುಗಳೇ ಇಲ್ಲಿ ತುಂಬಿರುವುದರಿಂದ ಸ್ಟೀರಿಂಗ್ ಇರುವುದು ನಮ್ಮ ಕಾರುಗಳಂತೆ ಬಲಗಡೆ. 2008ರ ಡಿಸೆಂಬರ್‌ನಲ್ಲಿ ಮಾಸ್ಕೋ ಈ ಕಾರುಗಳ ಮೇಲಿನ ಸುಂಕ ಏರಿಸಹೊರಟಾಗ ಊರಿನವರು ಬೀದಿಗಿಳಿದಿದ್ದರು. ಸುಂಕ ಏರಿತು, ಕಾರುಗಳು ಈಗಲೂ ಬರುತ್ತಿವೆ.